ರಿಪೋರ್ಟ್ ಎಲ್ಲಾ ಹಸಿರು, ಆದರೂ ಮಾಲು ಯಾಕೆ ತಡ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು 62 ಜನರ ಮಷೀನ್ ಶಾಪ್. ಪಂಪು, ವಾಲ್ವ್ ತಯಾರಿಸುವ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಇಆರ್‌ಪಿ (ಆರ್ಡರ್, ಸ್ಟಾಕ್, ಲೆಕ್ಕ ಎಲ್ಲಾ ಒಂದೇ ಕಡೆ ಇಡುವ ಸಾಫ್ಟ್‌ವೇರ್) ಹಾಕಿಸಿ ಎರಡು ವರ್ಷ ಆಯಿತು. ಪ್ರತಿ ತಿಂಗಳು 5ನೇ ತಾರೀಖು 34 ಕೆಪಿಐಗಳ (ಕೆಲಸ ಹೇಗೆ ನಡೆಯುತ್ತಿದೆ ಅಂತ ಅಳೆಯುವ ಅಂಕಿಗಳ) ರಿಪೋರ್ಟ್ ನನ್ನ ಮೇಜಿಗೆ ಬರುತ್ತದೆ. ಮಷೀನ್ ಬಳಕೆ 88%, ಸಮಯಕ್ಕೆ ಸರಿಯಾಗಿ ಡೆಲಿವರಿ 96%. ಹೆಚ್ಚೂಕಡಿಮೆ ಎಲ್ಲವೂ ಹಸಿರು. ಆದರೆ ವಾರಕ್ಕೆ ಎರಡು ಸಲವಾದರೂ ಯಾರಾದರೂ ಫೋನ್ ಮಾಡಿ 'ಮಾಲೆಲ್ಲಿ?' ಅಂತ ಬೈಯುತ್ತಾರೆ. ಈಗ ಒಬ್ಬರು ಬಂದು, ಪ್ರೊಸೆಸ್ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್ (ಕೆಲಸ ಶುರುವಿಂದ ಕೊನೆತನಕ ಹೇಗೆ ಸಾಗುತ್ತಿದೆ ಅಂತ ಅಳೆಯುವ) ಸಾಫ್ಟ್‌ವೇರ್ ಹಾಕಿಸಿ, ಎಲ್ಲಾ ಸರಿಹೋಗುತ್ತೆ ಅಂತಿದ್ದಾರೆ. ಬೆಲೆ ಕೇಳಿ ತಲೆ ತಿರುಗಿತು. ಹಾಕಿಸಬೇಕಾ? ಇಂಥ ವ್ಯವಸ್ಥೆ ಕೆಲವು ಕಡೆ ಚೆನ್ನಾಗಿ ನಡೆಯುತ್ತದೆ, ನಮ್ಮಲ್ಲಿ ಯಾಕೆ ನಡೆಯುತ್ತಿಲ್ಲ?

ಉತ್ತರ: ಸಾಫ್ಟ್‌ವೇರ್ ಮಾತು ಕೊನೆಗೆ ಆಡೋಣ. ಮೊದಲು ಆ 96% ನೋಡೋಣ. ನನಗೆ ಅನುಮಾನ ಇರುವುದೇ ಅದರ ಮೇಲೆ.

ನಿಮ್ಮ ಇಆರ್‌ಪಿಯಲ್ಲಿ ಪ್ರತಿ ಆರ್ಡರ್‌ಗೂ ಡೆಲಿವರಿ ತಾರೀಖು ಅಂತ ಒಂದು ಕಾಲಂ ಇರುತ್ತದೆ. ಮಾಲು ತಡ ಆಗುತ್ತದೆ ಅಂತ ಗೊತ್ತಾದಾಗ ನಿಮ್ಮ ಸೇಲ್ಸ್ ಹುಡುಗ ಏನು ಮಾಡುತ್ತಾನೆ? ಗ್ರಾಹಕರಿಗೆ ಫೋನ್ ಮಾಡಿ 'ಸರ್, ಇನ್ನೊಂದು ವಾರ ಕೊಡಿ' ಅಂತಾನೆ. ಅವರು ಬೇರೆ ದಾರಿ ಇಲ್ಲದೆ 'ಆಯ್ತಪ್ಪ' ಅಂತಾರೆ. ಇವನು ಕಾಲಂನಲ್ಲಿ ಹೊಸ ತಾರೀಖು ಹಾಕುತ್ತಾನೆ. ಹೊಸ ತಾರೀಖಿಗೆ ಮಾಲು ಹೋಯಿತು ಅಂದರೆ, ಕಂಪ್ಯೂಟರ್ ಲೆಕ್ಕದಲ್ಲಿ ಅದು ಸಮಯಕ್ಕೆ ಸರಿಯಾಗಿ ಹೋದ ಮಾಲು. ಯಾರೂ ಸುಳ್ಳು ಹೇಳಿಲ್ಲ ನೋಡಿ. ಬಸ್ಸು ಎಷ್ಟು ಹೊತ್ತಿಗೆ ಬಂತೋ ಅದನ್ನೇ ಟೈಮ್‌ಟೇಬಲ್‌ನಲ್ಲಿ ಬರೆದುಕೊಂಡ ಹಾಗೆ, ಅಷ್ಟೇ.

ಈ ವಾರ ಒಂದು ಕೆಲಸ ಮಾಡಿ. ಕಳೆದ ಮೂರು ತಿಂಗಳಲ್ಲಿ ಹೋದ 40 ಆರ್ಡರ್ ತೆಗೆದುಕೊಳ್ಳಿ. ಇಆರ್‌ಪಿ ಬಿಡಿ, ಗ್ರಾಹಕರು ಮೇಲ್‌ನಲ್ಲಿ ಕಳಿಸಿದ ಮೂಲ ಪಿಓ (ಖರೀದಿ ಆದೇಶ) ತೆಗೆಯಿರಿ. ಅದರಲ್ಲಿ ಮೊದಲು ಒಪ್ಪಿಕೊಂಡ ತಾರೀಖನ್ನು ಒಂದು ಹಾಳೆಯಲ್ಲಿ ಕೈಯಲ್ಲೇ ಬರೆಯಿರಿ. ಪಕ್ಕದಲ್ಲಿ ಮಾಲು ಗೇಟು ದಾಟಿದ ತಾರೀಖು ಬರೆಯಿರಿ. ನಾನು ಒಂದು ಕಡೆ ಇದನ್ನು ಮಾಡಿಸಿದಾಗ 94 ಇದ್ದ ಅಂಕಿ 58ಕ್ಕೆ ಇಳಿಯಿತು. ಮಾಲೀಕರು ಮಧ್ಯಾಹ್ನದ ತನಕ ಯಾರ ಹತ್ತಿರವೂ ಮಾತಾಡಲಿಲ್ಲ. ಅವರ ಗ್ರಾಹಕರಿಗೆ ಮಾತ್ರ ಆ 58 ಮೊದಲಿಂದಲೂ ಗೊತ್ತಿತ್ತು.

ಅಂದರೆ ನಿಮ್ಮ ಗ್ರಾಹಕರು ನೋಡುತ್ತಿರುವುದೇ ಒಂದು, ನೀವು ಅಳೆಯುತ್ತಿರುವುದೇ ಇನ್ನೊಂದು. ಇದು ಸರಿಹೋಗುವ ತನಕ ಮಿಕ್ಕ 33 ಕೆಪಿಐ ಹಸಿರಿದ್ದರೂ ಒಂದೇ, ಕೆಂಪಿದ್ದರೂ ಒಂದೇ.

ಈಗ ತಡ ಎಲ್ಲಿ ಆಗುತ್ತಿದೆ ಅಂತ ಹುಡುಕಬೇಕು. ಇದಕ್ಕೆ ನನಗೆ ಗೊತ್ತಿರುವ ಒಳ್ಳೇ ದಾರಿ ಅಂದರೆ ಒಂದು ಜಾಬ್ ಕಾರ್ಡ್ (ಆರ್ಡರ್‌ನ ಮಾಲಿನ ಜೊತೆ ಮಷೀನಿಂದ ಮಷೀನಿಗೆ ಹೋಗುವ ಚೀಟಿ) ಹಿಡಿದು ಅದರ ಹಿಂದೆ ಹೋಗುವುದು. ಒಂದು ಘಟಕದಲ್ಲಿ ನಾವು ಹಿಂದೆ ಹೋದ ಜಾಬ್ ಹೇಳುತ್ತೇನೆ. ಇಎನ್8 ಉಕ್ಕಿನ ಶಾಫ್ಟ್, 150 ಪೀಸು. ಟರ್ನಿಂಗ್ (ತಿರುಗಿಸಿ ಕೆತ್ತುವುದು), ಕೀ-ವೇ ಮಿಲ್ಲಿಂಗ್ (ಉದ್ದಕ್ಕೆ ಕಾಲುವೆ ಕೊರೆಯುವುದು), ಆಮೇಲೆ ಹೊರಗಿನವರ ಹತ್ತಿರ ಜಿಂಕ್ ಪ್ಲೇಟಿಂಗ್ (ಸತುವಿನ ಲೇಪ). ದೊಡ್ಡ ಕೆಲಸ ಏನಲ್ಲ.

ಪಿಓ ಮೇಲ್‌ನಲ್ಲಿ ಬಂತು. ಕೊಟೇಶನ್‌ನಲ್ಲಿದ್ದ ರೇಟಿಗೂ ಪಿಓದಲ್ಲಿದ್ದ ರೇಟಿಗೂ ಪೀಸಿಗೆ ಎರಡು ರೂಪಾಯಿ ವ್ಯತ್ಯಾಸ. 'ದಯವಿಟ್ಟು ಖಚಿತಪಡಿಸಿ' ಅಂತ ಮೇಲ್ ಹೋಯಿತು, ಉತ್ತರ ಬರಲು ನಾಲ್ಕು ದಿನ. ಫೋನ್ ಮಾಡಿದ್ದರೆ ನಾಲ್ಕು ನಿಮಿಷ. ಆಮೇಲೆ ಬಾರ್ ಕತ್ತರಿಸಲು ಬ್ಯಾಂಡ್‌ಸಾ ಮುಂದೆ ಸರದಿ, ಮೂರು ದಿನ. ಸಿಎನ್‌ಸಿಯಲ್ಲಿ (ಟರ್ನಿಂಗ್ ಮಷೀನ್) ಎರಡು ದಿನ. ಅಲ್ಲಿಂದ ವಿಎಂಸಿ (ಮಿಲ್ಲಿಂಗ್ ಮಷೀನ್) ಮುಂದೆ ಟ್ರಾಲಿಯಲ್ಲಿ ಕೂತದ್ದು, ಕೀ-ವೇ ಹೊಡೆದದ್ದು ಸೇರಿ ಐದು ದಿನ. ಬುಧವಾರ ಪ್ಲೇಟಿಂಗ್‌ಗೆ ರೆಡಿ. ಆದರೆ ಪ್ಲೇಟಿಂಗ್‌ಗೆ ಗಾಡಿ ಹೋಗುವುದು ಶುಕ್ರವಾರ ಮಾತ್ರ, ವಾಪಸ್ ತರುವುದು ಮುಂದಿನ ಶುಕ್ರವಾರ. ಒಂಬತ್ತು ದಿನ ಹೋಯಿತು. ಬಂದ ಮೇಲೆ ಇನ್‌ಸ್ಪೆಕ್ಷನ್‌ನಲ್ಲಿ ಎರಡು ದಿನ, ಯಾಕೆಂದರೆ ಬೇಕಾಗಿದ್ದ ಗೇಜ್ (ಅಳತೆಯ ಉಪಕರಣ) ಸರಿಯಾಗಿ ಅಳೆಯುತ್ತಿದೆಯೇ ಅಂತ ಪರೀಕ್ಷಿಸುವ ಕ್ಯಾಲಿಬ್ರೇಶನ್‌ಗೆ ಹೋಗಿತ್ತು. ಡಿಸ್ಪ್ಯಾಚ್‌ನಲ್ಲಿ ಗಾಡಿ ತುಂಬಲಿ ಅಂತ ಮತ್ತೆ ಎರಡು ದಿನ.

ಒಟ್ಟು 27 ದಿನ. ಅದರಲ್ಲಿ ಶಾಫ್ಟಿನ ಮೇಲೆ ನಿಜವಾಗಿ ಕೆಲಸ ನಡೆದದ್ದು: ಕತ್ತರಿಸಲು 3 ಗಂಟೆ, ಟರ್ನಿಂಗ್ 9, ಮಿಲ್ಲಿಂಗ್ 6, ಪ್ಲೇಟಿಂಗ್ 2, ಇನ್‌ಸ್ಪೆಕ್ಷನ್ 2, ಪ್ಯಾಕಿಂಗ್ 1. ಸೇರಿಸಿದರೆ 23 ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ ಮೂರು ದಿನವೂ ಪೂರ್ತಿ ಆಗಲಿಲ್ಲ. ಮಿಕ್ಕ 24 ದಿನ ಅದು ಸುಮ್ನೆ ಕೂತಿತ್ತು.

ನಿಮ್ಮ 34 ಕೆಪಿಐಗಳಲ್ಲಿ ಹೀಗೆ ಸುಮ್ನೆ ಕೂತ 24 ದಿನಗಳನ್ನು ಅಳೆಯುವುದು ಎಷ್ಟಿವೆ? ನನ್ನ ಊಹೆ, ಒಂದೂ ಇಲ್ಲ. ಮಷೀನ್ ಬಳಕೆ, ಆಪರೇಟರ್ ಔಟ್‌ಪುಟ್, ರಿಜೆಕ್ಷನ್, ಓವರ್‌ಟೈಮ್ (ಓಟಿ), ಎಲ್ಲವೂ ಆ 23 ಗಂಟೆಯ ಕಥೆ. ಕೆಲಸ ಕೆಡುವುದು ಮಷೀನಿನ ಮೇಲಲ್ಲ, ಒಂದು ಮಷೀನಿಗೂ ಇನ್ನೊಂದಕ್ಕೂ ನಡುವೆ, ಒಂದು ಮೇಜಿಗೂ ಇನ್ನೊಂದು ಮೇಜಿಗೂ ನಡುವೆ. ಆ ನಡುವಿನ ಜಾಗ ಯಾವ ಡಿಪಾರ್ಟ್‌ಮೆಂಟಿಗೂ ಸೇರಿದ್ದಲ್ಲ. ಅದಕ್ಕೇ ಅದರ ಲೆಕ್ಕ ಯಾರ ರಿಪೋರ್ಟಿನಲ್ಲೂ ಇಲ್ಲ.

ಪಾಸ್‌ಪೋರ್ಟ್ ಮಾಡಿಸಲು ಹೋಗಿದ್ದೀರಲ್ವಾ? ಸೇವಾ ಕೇಂದ್ರದಲ್ಲಿ ಟೋಕನ್ ತಗೊಂಡು ಎ, ಬಿ, ಸಿ ಅಂತ ಮೂರು ಕೌಂಟರ್ ದಾಟುತ್ತೀರಿ. ಒಂದೊಂದು ಕೌಂಟರ್‌ನಲ್ಲಿ ಎಷ್ಟು ನಿಮಿಷ ಅಂತ ಲೆಕ್ಕ ಇಡಬಹುದು. ಆದರೆ ನಿಮಗೆ ಬೇಕಾದದ್ದು ಕೌಂಟರ್‌ನ ನಿಮಿಷ ಅಲ್ಲ, ಪುಸ್ತಕ ಯಾವತ್ತು ಮನೆಗೆ ಬರುತ್ತದೆ ಅನ್ನುವುದು. ಅದಕ್ಕೆ ಪೊಲೀಸ್ ವೆರಿಫಿಕೇಶನ್ ಆಗಬೇಕು, ಪ್ರಿಂಟ್ ಆಗಬೇಕು, ಸ್ಪೀಡ್ ಪೋಸ್ಟ್‌ನಲ್ಲಿ ಬರಬೇಕು. ಕೌಂಟರ್‌ಗಳಷ್ಟನ್ನೇ ಚುರುಕು ಮಾಡಿ ಸುಮ್ಮನಾದರೆ ನಿಮ್ಮ ಕೈಗೆ ಪುಸ್ತಕ ಬೇಗ ಬರುವುದಿಲ್ಲ.

ಮತ್ತೆ ಆ ಶುಕ್ರವಾರದ ಗಾಡಿಗೆ ಬರೋಣ. ನನಗೆ ಇಡೀ ಕಥೆಯಲ್ಲಿ ಅದೇ ಮುಖ್ಯ. ಪ್ಲೇಟಿಂಗ್‌ಗೆ ವಾರಕ್ಕೆ ಒಂದೇ ಸಲ ಯಾಕೆ ಕಳಿಸುತ್ತೀರಿ ಅಂತ ಪರ್ಚೇಸ್‌ನವರನ್ನು ಕೇಳಿದೆ. ಅವರು ಹೆಮ್ಮೆಯಿಂದಲೇ ಹೇಳಿದರು: 'ಸಾರ್, ನಮ್ಮ ಕೆಪಿಐ ಕೇಜಿಗೆ ಎಷ್ಟು ಸಾಗಣೆ ಖರ್ಚು ಅಂತ. ಗಾಡಿ ತುಂಬಿಸಿ ಕಳಿಸಿದರೆ ಕಡಿಮೆ ಬೀಳುತ್ತೆ.' ಅವರ ಅಂಕಿ ಹಸಿರು. ಆ ಹಸಿರಿಗೋಸ್ಕರ ಪ್ರತಿ ಜಾಬ್ ವಾರಗಟ್ಟಲೆ ಕಾಯುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಮಾತು ಇದಕ್ಕೇ ಹುಟ್ಟಿದ್ದಿರಬೇಕು. ಪರ್ಚೇಸ್‌ನವರದ್ದು ತಪ್ಪಲ್ಲ. ನಾವು ಏನು ಅಳೆದೆವೋ ಅದನ್ನು ಅವರು ಕೊಟ್ಟರು. ಗಾಡಿಯನ್ನು ಮಂಗಳವಾರ, ಶುಕ್ರವಾರ ಎರಡು ದಿನ ಮಾಡಿದೆವು. ಖರ್ಚು ಸ್ವಲ್ಪ ಜಾಸ್ತಿಯಾಯಿತು. ಬುಧವಾರ ಮುಗಿದ ಜಾಬ್ ಶುಕ್ರವಾರ ಹೋಗಿ ಮಂಗಳವಾರ ವಾಪಸ್ ಬರತೊಡಗಿತು. ಒಂಬತ್ತು ದಿನ ಇದ್ದದ್ದು ಆರಾಯಿತು. ಹೊಸ ಮಷೀನೂ ಬೇಕಾಗಲಿಲ್ಲ, ಸಾಫ್ಟ್‌ವೇರೂ ಬೇಕಾಗಲಿಲ್ಲ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ಕೆಪಿಐ ತೆಗೆದುಕೊಂಡು ಕೇಳಿ: ಇದನ್ನು ಹಸಿರು ಮಾಡಲು ಹೊರಟರೆ ಬೇರೆ ಯಾರಿಗೆ ತೊಂದರೆ ಆಗುತ್ತದೆ?

ಈ ಪ್ರಶ್ನೆಗೆ ನಿಮ್ಮ 88% ಮಷೀನ್ ಬಳಕೆಯೂ ಸಿಕ್ಕಿಬೀಳುತ್ತದೆ. ಮಷೀನ್ ಖಾಲಿ ನಿಲ್ಲಬಾರದು ಅಂತ ಸೂಪರ್‌ವೈಸರ್ ಏನು ಮಾಡುತ್ತಾರೆ? ಸೆಟ್ಟಿಂಗ್ ಬದಲಿಸುವ ಗೋಜು ಬೇಡ ಅಂತ ಮುಂದಿನ ತಿಂಗಳ ಮಾಲನ್ನೂ ಇವತ್ತೇ ಹೊಡೆದು ಗುಡ್ಡೆ ಹಾಕುತ್ತಾರೆ. ನಾಳೆ ಹೋಗಬೇಕಾದ ಜಾಬ್ ಪಕ್ಕದ ಟ್ರಾಲಿಯಲ್ಲಿ ಕಾಯುತ್ತದೆ. ಮಷೀನ್ ಓಡುತ್ತಿದೆ, ಆರ್ಡರ್ ಓಡುತ್ತಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಬೇಕೇ ಬೇಕು. ಮುಂದೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ ಜಾನ್ ಲಿಟಲ್ 1961ರಲ್ಲಿ ಇದಕ್ಕೆ ಗಣಿತದ ಪುರಾವೆ ಕೊಟ್ಟರು, ಲಿಟಲ್ ನಿಯಮ ಅಂತ ಕರೆಯುತ್ತಾರೆ. ನಮ್ಮ ಭಾಷೆಯಲ್ಲಿ ಹೀಗೆ: ಒಳಗೆ ಎಷ್ಟು ಕೆಲಸ ಇದೆ ಅನ್ನುವುದನ್ನು ದಿನಕ್ಕೆ ಎಷ್ಟು ಮುಗಿಯುತ್ತದೆ ಅನ್ನುವುದರಿಂದ ಭಾಗಿಸಿದರೆ, ಒಂದು ಕೆಲಸ ಸರಾಸರಿ ಎಷ್ಟು ದಿನ ಒಳಗಿರುತ್ತದೆ ಅನ್ನುವುದು ಸಿಗುತ್ತದೆ. ಫ್ಲೋರ್‌ನಲ್ಲಿ 135 ಜಾಬ್ ಕಾರ್ಡ್ ಓಡಾಡುತ್ತಿವೆ, ದಿನಕ್ಕೆ 5 ಮುಗಿಯುತ್ತವೆ ಅಂದುಕೊಳ್ಳಿ. 135ನ್ನು 5ರಿಂದ ಭಾಗಿಸಿದರೆ 27 ದಿನ. ಗ್ರಾಹಕರಿಗೆ 15 ದಿನ ಅಂತ ಮಾತು ಕೊಡಬೇಕೆ? ಹಾಗಾದರೆ ದಿನಕ್ಕೆ 5 ಮುಗಿಯುವ ಶಾಪ್‌ನಲ್ಲಿ 75 ಕಾರ್ಡಿಗಿಂತ ಜಾಸ್ತಿ ಇರಬಾರದು. ಎಷ್ಟು ಬೈದರೂ, ಎಷ್ಟು ಓಟಿ ಕೊಟ್ಟರೂ ಈ ಲೆಕ್ಕ ಜಗ್ಗುವುದಿಲ್ಲ.

ಅಂದರೆ ಹೊಸ ಕಾರ್ಡನ್ನು ಫ್ಲೋರಿಗೆ ಬಿಡುವಾಗ ಕೈ ಬಿಗಿ ಹಿಡಿಯಬೇಕು. ಒಂದು ಹೊರಗೆ ಹೋದರೆ ಒಂದು ಒಳಗೆ. ಮಿಕ್ಕಿದ್ದು ಆಫೀಸಿನ ಟ್ರೇನಲ್ಲಿ ಇರಲಿ. ಆದರೆ ಆ ಟ್ರೇ ಕೂಡ ಗ್ರಾಹಕರ ಲೆಕ್ಕದಲ್ಲಿ ಕಾಯುವ ದಿನವೇ. ಟ್ರೇನಲ್ಲಿ ಎಷ್ಟಿದೆ ನೋಡಿಕೊಂಡು ಹೊಸ ತಾರೀಖು ಕೊಡಬೇಕು, ಬಾಯಿಗೆ ಬಂದದ್ದಲ್ಲ. ಮೊದಲ ವಾರ ಎರಡು ಮಷೀನ್ ಖಾಲಿ ನಿಂತು ನಿಮಗೆ ಹೊಟ್ಟೆ ಉರಿಯುತ್ತದೆ. ತಡೆದುಕೊಳ್ಳಿ.

ಸರಾಸರಿ ಅಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಹತ್ತು ಆರ್ಡರ್‌ನಲ್ಲಿ ಐದು 10 ದಿನಕ್ಕೆ ಹೋದವು, ಐದು 30 ದಿನಕ್ಕೆ ಹೋದವು. ಸರಾಸರಿ 20. ಆದರೆ 20 ದಿನಕ್ಕೆ ಹೋದ ಆರ್ಡರ್ ಒಂದೂ ಇಲ್ಲ! 30 ದಿನ ಕಾದವರಿಗೆ ನಿಮ್ಮ ಸರಾಸರಿ ಕಟ್ಟಿಕೊಂಡು ಏನಾಗಬೇಕು? 'ಹತ್ತರಲ್ಲಿ ಎಷ್ಟು ಕೊಟ್ಟ ಮಾತಿನೊಳಗೆ ಹೋದವು, ಅತಿ ತಡವಾದದ್ದು ಎಷ್ಟು ದಿನ' ಅಂತ ನೋಡಿ. ಇಷ್ಟು ಸಾಕು.

ಹಾಗಾದರೆ ಎಷ್ಟು ಅಂಕಿ ಇಟ್ಟುಕೊಳ್ಳಬೇಕು? ನಿಮ್ಮ ಗಾತ್ರದ ಶಾಪ್‌ಗೆ ನಾಲ್ಕೈದು. ಮೊದಲು ಒಪ್ಪಿದ ತಾರೀಖಿಗೆ ಹೋದದ್ದು ಎಷ್ಟು, ಪಿಓ ಬಂದ ದಿನದಿಂದ ಗೇಟು ದಾಟಲು ಎಷ್ಟು ದಿನ, ಫ್ಲೋರ್‌ನಲ್ಲಿ ಎಷ್ಟು ಕಾರ್ಡ್, ಎರಡನೇ ಸಲ ಕೈ ಹಾಕದೆ ಪಾಸಾದದ್ದು ಎಷ್ಟು, ಬಿಲ್ಲಿನ ದುಡ್ಡು ಕೈಗೆ ಬರಲು ಎಷ್ಟು ದಿನ. ಕೊನೆಯದನ್ನು ಅಕೌಂಟ್ಸ್‌ನವರ ಪಾಡು ಅಂತ ಬಿಡಬೇಡಿ, ಆರ್ಡರ್‌ನ ಪ್ರಯಾಣ ಮುಗಿಯುವುದು ದುಡ್ಡು ಬಂದಾಗಲೇ.

34 ಯಾಕೆ ಬೇಡ ಅನ್ನುವುದಕ್ಕೆ ನನ್ನದೇ ಪೆಟ್ಟು ತಿಂದ ಕಥೆ ಇದೆ. ಹೊಸದರಲ್ಲಿ ಒಂದು ಕಂಟ್ರೋಲ್ ಪ್ಯಾನೆಲ್ ಘಟಕಕ್ಕೆ ನಾನೇ ದೊಡ್ಡ ಬೋರ್ಡ್ ಬರೆಸಿಕೊಟ್ಟಿದ್ದೆ. 27 ಅಂಕಿ, ಮೂರು ಬಣ್ಣ, ಪ್ರತಿದಿನ ತುಂಬಬೇಕು. ನೋಡಿದವರೆಲ್ಲ ಹೊಗಳಿದರು. ಆರು ತಿಂಗಳ ನಂತರ ಹೋಗಿ ಬೋರ್ಡ್ ಮುಂದೆ ನಿಂತೆ. ಎಲ್ಲಾ ಮನೆಯೂ ಭರ್ತಿ. ಖುಷಿಯಾಯಿತು. ಆಮೇಲೆ ತಾರೀಖು ಗಮನಿಸಿದೆ. ಭಾನುವಾರದ ಮನೆಗಳೂ ಭರ್ತಿಯಾಗಿದ್ದವು. ಅಲ್ಲಿ ಭಾನುವಾರ ರಜಾ! ಸೂಪರ್‌ವೈಸರ್‌ನ್ನು ಕೇಳಿದರೆ, 'ಸಾರ್, ದಿನಾ ಅರ್ಧ ಗಂಟೆ ಇದಕ್ಕೇ ಹೋಗುತ್ತೆ. ಸೋಮವಾರ ಕೂತು ಇಡೀ ವಾರದ್ದು ತುಂಬಿಬಿಡ್ತೀನಿ. ಇದುವರೆಗೂ ಯಾರೂ ಏನೂ ಕೇಳಿಲ್ಲ' ಅಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಯಾರೂ ನೋಡದ ಅಂಕಿಯನ್ನು ಯಾರು ತಾನೇ ಸರಿಯಾಗಿ ಬರೆಯುತ್ತಾರೆ?

ನೋಡುವವರು ಯಾರು ಅನ್ನುವುದು ಅದಕ್ಕಿಂತ ಕಷ್ಟದ ಪ್ರಶ್ನೆ. 2012ರಲ್ಲಿ ನಮ್ಮ ರಾಜ್ಯದಲ್ಲಿ ಸಕಾಲ (ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಸಿಗಬೇಕು ಅನ್ನುವ ವ್ಯವಸ್ಥೆ) ಬಂದದ್ದು ನೆನಪಿರಬಹುದು. ಅದು ಎಷ್ಟರ ಮಟ್ಟಿಗೆ ನಡೆಯಿತು ಅನ್ನುವ ಬಗ್ಗೆ ಒಬ್ಬೊಬ್ಬರ ಅನುಭವ ಒಂದೊಂದು, ಆ ಚರ್ಚೆ ಬೇಡ. ಅದರ ಕಟ್ಟೋಣ ಮಾತ್ರ ನೋಡಿ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆ ಸಿಗುತ್ತದೆ, ಗಡಿಯಾರ ಅಲ್ಲಿಂದಲೇ ಶುರು. ಕಡತ ಗುಮಾಸ್ತರ ಮೇಜಿಗೆ ಹೋದ ದಿನದಿಂದ ಅಲ್ಲ, ಸಾಹೇಬರು ಕಣ್ಣು ಹಾಯಿಸಿದ ದಿನದಿಂದ ಅಲ್ಲ. ಪ್ರತಿ ಸೇವೆಗೂ ಇಷ್ಟು ದಿನ ಅಂತ ಇದೆ, ಅದಕ್ಕೆ ಹೊಣೆಯಾದ ಅಧಿಕಾರಿ ಇದ್ದಾರೆ, ಅವರು ಮಾಡದಿದ್ದರೆ ಮೇಲ್ಮನವಿಗೆ ಮತ್ತೊಬ್ಬರು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ಹೊಣೆ ಯಾರದು ಅನ್ನುವುದರಲ್ಲಿ ಗೊಂದಲ ಇಲ್ಲ.

ನಿಮ್ಮಲ್ಲಿ ಆ ಶಾಫ್ಟಿನಂಥ ಆರ್ಡರ್ ಪಿಓದಿಂದ ಗೇಟಿನ ತನಕ ಯಾರ ಹೊಣೆ? ಸೇಲ್ಸ್‌ನವರು ಎಂಟ್ರಿ ಮಾಡಿ ಕೈ ತೊಳೆದುಕೊಂಡರು. ಪ್ಲಾನಿಂಗ್‌ನವರು ಕಾರ್ಡ್ ಬಿಟ್ಟು ಕೈ ತೊಳೆದುಕೊಂಡರು. ಊರು ಸುಟ್ಟರೂ ಹನುಮಪ್ಪ ಹೊರಗೆ. ಇದಕ್ಕೆ ಹೊಸ ಹುದ್ದೆ ಸೃಷ್ಟಿ ಮಾಡಬೇಡಿ. ಇರುವವರಲ್ಲೇ ಎಲ್ಲರೂ ಮಾತು ಕೇಳುವ ಒಬ್ಬರನ್ನು ಆರಿಸಿ. ಹೆಚ್ಚಿನ ಶಾಪ್‌ಗಳಲ್ಲಿ ಅದು ಮ್ಯಾನೇಜರ್ ಆಗಿರುವುದಿಲ್ಲ, ಹದಿನೈದು ವರ್ಷದಿಂದ ಇರುವ ಸೂಪರ್‌ವೈಸರ್ ಆಗಿರುತ್ತಾರೆ. ಅವರಿಗೆ ಎರಡು ಅಧಿಕಾರ ಕೊಡಿ: ಇವತ್ತು ಗಾಡಿ ಹೋಗಲಿ ಅಂತ ಹೇಳುವ ಅಧಿಕಾರ, ಹೊಸ ಕಾರ್ಡ್ ಬೇಡ ಅಂತ ತಡೆಯುವ ಅಧಿಕಾರ. ಇವೆರಡು ಇಲ್ಲದೆ ಹೊಣೆ ಮಾತ್ರ ಹೊರಿಸಿದರೆ ಅವರು ಬೈಗುಳ ತಿನ್ನಲು ನೇಮಿಸಿದ ಆಳು, ಅಷ್ಟೇ.

ಆಮೇಲೆ ದಿನಾ ಬೆಳಿಗ್ಗೆ ಹದಿನೈದು ನಿಮಿಷ. ಕಾನ್ಫರೆನ್ಸ್ ರೂಮಿನಲ್ಲಿ ಅಲ್ಲ, ನಿಂತುಹೋದ ಜಾಬ್ ಇರುವ ಟ್ರಾಲಿ ಪಕ್ಕ. ನಿಂತುಕೊಂಡೇ. ಯಾವ ಕಾರ್ಡ್ ನಿನ್ನೆಯಿಂದ ಅಲುಗಾಡಿಲ್ಲ, ಏನು ಅಡ್ಡ ಬಂದಿದೆ, ಇವತ್ತು ಯಾರು ಬಿಡಿಸುತ್ತಾರೆ. ಇಷ್ಟೇ. ತಿಂಗಳ 5ನೇ ತಾರೀಖಿನ ರಿಪೋರ್ಟ್ ಹಳೇ ಜಾತಕ ಇದ್ದ ಹಾಗೆ, ಓದಿ ಏನು ಮಾಡುವುದು? ಟೊಯೊಟಾ ಕಾರ್ಖಾನೆಗಳಲ್ಲಿ ಕೆಲಸಗಾರನಿಗೆ ಏನೋ ಸರಿ ಇಲ್ಲ ಅನ್ನಿಸಿದರೆ ಹಗ್ಗ ಎಳೆಯುತ್ತಾನೆ, ದೀಪ ಹತ್ತುತ್ತದೆ, ಟೀಮ್ ಲೀಡರ್ ತಕ್ಷಣ ಅಲ್ಲಿಗೇ ಬರುತ್ತಾರೆ. ತಪ್ಪು ಕಂಡದ್ದಕ್ಕೂ ಯಾರೋ ಓಡಿ ಬಂದದ್ದಕ್ಕೂ ನಡುವೆ ತಿಂಗಳು ಕಳೆಯುವುದಿಲ್ಲ.

ಆ ಹದಿನೈದು ನಿಮಿಷದಲ್ಲಿ ಒಂದು ನೇಮ ಇರಲಿ. ಕೆಂಪು ತೋರಿಸಿದವರನ್ನು ಬೈಯಕೂಡದು. ಮೊದಲ ಕೆಂಪಿಗೆ ನೀವು ರೇಗಿದಿರಿ ಅಂದರೆ, ಎರಡನೇ ಕೆಂಪು ನಿಮಗೆ ಯಾವತ್ತೂ ಕಾಣುವುದಿಲ್ಲ. ಅಂಕಿಯನ್ನು ಬೋನಸ್‌ಗೆ ಕಟ್ಟುವುದೂ ಸದ್ಯಕ್ಕೆ ಬೇಡ, ಮೊದಲ ವರ್ಷವಂತೂ ಬೇಡವೇ ಬೇಡ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ಗೊತ್ತಲ್ವಾ? ಒಬ್ಬ ಗ್ರಾಹಕರಿಗೆ ಇಷ್ಟು ಖಾತೆ, ಇಷ್ಟು ಕಾರ್ಡ್ ಮಾರಲೇಬೇಕು ಅಂತ ಸಿಬ್ಬಂದಿ ಮೇಲೆ ಒತ್ತಡ. ಅವರು ಗ್ರಾಹಕರಿಗೆ ಗೊತ್ತೇ ಇಲ್ಲದೆ ಅವರ ಹೆಸರಲ್ಲಿ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಅಷ್ಟರೊಳಗೆ ಕೆಲವು ವರ್ಷಗಳಲ್ಲಿ ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು. ಆ ತನಕ ಅವರ ರಿಪೋರ್ಟಿನಲ್ಲೂ ಎಲ್ಲಾ ಹಸಿರೇ ಇತ್ತು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಶಾಪ್‌ನಲ್ಲಿ ಕೆಂಪು 'ಅರ್ಜೆಂಟ್' ಚೀಟಿ ಅಂಟಿಸಿದ ಕಾರ್ಡ್ ಎಷ್ಟಿವೆ, ಎಣಿಸಿ ನೋಡಿ. ನಾನು ಹೋದ ಒಂದು ಕಡೆ ಅರ್ಧಕ್ಕರ್ಧ ಇದ್ದವು. ಅವನ್ನು ಅಂಟಿಸಿದವರು ಯಾರು? ಮಾಲೀಕರೇ. ಗ್ರಾಹಕರು ಫೋನ್‌ನಲ್ಲಿ ಬೈದ ಕೂಡಲೇ ಫ್ಲೋರಿಗೆ ಇಳಿದು, 'ಅದನ್ನ ಬಿಡಿ, ಇದನ್ನ ಮೊದಲು ಹಾಕಿ' ಅಂತಾರೆ. ಓಡುತ್ತಿದ್ದ ಜಾಬ್ ಇಳಿಯುತ್ತದೆ, ಸೆಟ್ಟಿಂಗ್ ಬದಲಾಗುತ್ತದೆ, ಎರಡು ಗಂಟೆ ಹೋಗುತ್ತದೆ. ಇಳಿದ ಜಾಬ್ ಮುಂದಿನ ವಾರದ ಅರ್ಜೆಂಟ್ ಆಗುತ್ತದೆ, ಮುಂದಿನ ವಾರದ ಫೋನ್ ಅಲ್ಲಿಂದಲೇ ಬರುತ್ತದೆ. ಇಡೀ ಶಾಪ್‌ಗೆ ಒಂದು ಸಲಕ್ಕೆ ಎರಡೇ ಅರ್ಜೆಂಟ್ ಚೀಟಿ ಅಂತ ಇಟ್ಟುಕೊಳ್ಳಿ. ಮೂರನೆಯದು ಬೇಕಾದರೆ ಇರುವ ಎರಡರಲ್ಲಿ ಒಂದನ್ನು ಕಿತ್ತು ಅಂಟಿಸಬೇಕು. ಈ ನೇಮವನ್ನು ಮೊದಲು ಮುರಿಯುವವರು ನೀವೇ ಆಗಿರುತ್ತೀರಿ. ಆಗ ಆ ಸೂಪರ್‌ವೈಸರ್ ಬಾಯಿಬಿಟ್ಟು 'ಸಾರ್, ಬೇಡ' ಅಂದರೆ ನಿಮ್ಮ ವ್ಯವಸ್ಥೆ ನಿಂತಿತು ಅಂತ ಲೆಕ್ಕ.

ಈಗ ಸಾಫ್ಟ್‌ವೇರ್. ಸದ್ಯಕ್ಕೆ ಬೇಡ. ಮೂರು ತಿಂಗಳು ಒಂದು ವೈಟ್‌ಬೋರ್ಡ್ ಸಾಕು. ಜಾಬ್ ಕಾರ್ಡ್ ಹಿಂಬದಿಯಲ್ಲಿ ಎರಡು ಕಾಲಂ ಗೆರೆ ಹಾಕಿಸಿ, ಪ್ರತಿ ಮಷೀನಿಗೂ ಬಂದ ಹೊತ್ತು, ಹೋದ ಹೊತ್ತು. ಆಪರೇಟರ್‌ಗೆ ಅದು ಹತ್ತು ಸೆಕೆಂಡಿನ ಕೆಲಸ.

ಇಆರ್‌ಪಿಯಲ್ಲಿ ಈ ಸಮಯ ಆಗಲೇ ಇದೆಯಲ್ಲ ಅಂತ ನೀವು ಕೇಳಬಹುದು. ನಿನ್ನೆಯ ಎಂಟ್ರಿಗಳನ್ನು ತೆಗೆಸಿ ನೋಡಿ. ಎಲ್ಲವೂ ಸಂಜೆ ಆರರಿಂದ ಆರೂವರೆ ಒಳಗೆ ಬಿದ್ದಿದ್ದರೆ, ಯಾರೋ ಒಬ್ಬರು ಪಾಳಿ ಮುಗಿಯುವಾಗ ಕೂತು ಒಟ್ಟಿಗೆ ಹೊಡೆದಿದ್ದಾರೆ ಅಂತಲೇ ಅರ್ಥ. ಆ ಡೇಟಾ ಮೇಲೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ಕೂರಿಸಿದರೂ ಅದು ನಿಮಗೆ ಹೇಳುವುದು, ನಿಮ್ಮ ಶಾಪ್‌ನಲ್ಲಿ ಎಲ್ಲಾ ಕೆಲಸವೂ ಸಂಜೆ ಆರು ಗಂಟೆಗೆ ನಡೆಯುತ್ತದೆ ಅಂತ.

ಮೂರು ತಿಂಗಳಾದ ಮೇಲೆ ಬೋರ್ಡ್ ಸಾಲುತ್ತಿಲ್ಲ ಅನ್ನಿಸಿದರೆ ಆ ಸಾಫ್ಟ್‌ವೇರ್‌ನವರನ್ನು ಕರೆಸಿ. ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ತೋರಿಸಲು ಬಿಡಬೇಡಿ. ಅವರ ಲ್ಯಾಪ್‌ಟಾಪ್‌ನಲ್ಲೇ ಒಂದು ಆರ್ಡರ್ ತೆರೆಸಿ, ಡೆಲಿವರಿ ತಾರೀಖನ್ನು ಒಂದು ವಾರ ಮುಂದಕ್ಕೆ ಹಾಕಿ ಸೇವ್ ಮಾಡಿಸಿ. ಆಮೇಲೆ ಕೇಳಿ: 'ಹಳೇ ತಾರೀಖು ಎಲ್ಲಿ ಕಾಣುತ್ತೆ, ತೋರಿಸಿ?'